ಆಕಾಶ ನೇರಳೆ ಯಾಕಲ್ಲ?

ಆಕಾಶ ನೀಲಿಯಾಗಿ ಕಾಣುವುದೇಕೆ? ಹತ್ತನೇ ತರಗತಿಯ ವಿಜ್ಞಾನದಲ್ಲಿ ಪದೇ ಪದೇ ಕೇಳುವ ಪ್ರಶ್ನೆ. ಉತ್ತರ ಮಕ್ಕಳಿಗೆ ಬಾಯಿಪಾಠ. ಗಾಳಿಯ ಅಣುಗಳು ತುಂಬ ಚಿಕ್ಕವು, ಅವು ಕಡಿಮೆ ತರಂಗದೂರದ (ಅಂದರೆ ಅಲೆಯಿಂದ ಅಲೆಗೆ ಕಡಿಮೆ ಅಂತರವಿರುವ) ಬೆಳಕನ್ನು ಜಾಸ್ತಿ ಚದುರಿಸುತ್ತವೆ, ನೀಲಿಯ ತರಂಗದೂರ ಕಡಿಮೆ, ಹಾಗಾಗಿ ನೀಲಿ. ಅಂಕ ಬಂತು, ಮುಗೀತು.

ಮುಗಿಯಲಿಲ್ಲ. ನೇರಳೆಯ ತರಂಗದೂರ ಇನ್ನೂ ಕಡಿಮೆ ಅಲ್ವಾ? ತರಂಗದೂರ ಅರ್ಧ ಆದರೆ ಚದುರುವಿಕೆ 16 ಪಟ್ಟು ಆಗುತ್ತದೆ. ಈ ಲೆಕ್ಕದಲ್ಲಿ 700 ನ್ಯಾನೊಮೀಟರಿನ ಕೆಂಪಿಗಿಂತ 450ರ ನೀಲಿ ಸುಮಾರು 6 ಪಟ್ಟು ಹೆಚ್ಚು ಚದುರುತ್ತದೆ, 400ರ ನೇರಳೆ 9 ಪಟ್ಟಿಗೂ ಹೆಚ್ಚು. ಬಾಯಿಪಾಠದ ಉತ್ತರವನ್ನೇ ನಂಬಿದರೆ ತಲೆ ಮೇಲೆ ನೇರಳೆ ಹಣ್ಣಿನ ಬಣ್ಣ ಇರಬೇಕಿತ್ತು! ಉಳಿದ ಉತ್ತರ ಸೂರ್ಯನಲ್ಲೂ ನಮ್ಮ ಕಣ್ಣಲ್ಲೂ ಇದೆ. ಸೂರ್ಯನ ಬೆಳಕಿನಲ್ಲಿ ನೀಲಿಗಿಂತ ನೇರಳೆ ಕಡಿಮೆ, ನಮ್ಮ ಕಣ್ಣಿಗೂ ನೇರಳೆ ಅಷ್ಟಾಗಿ ನಾಟುವುದಿಲ್ಲ, ಸಾಲದ್ದಕ್ಕೆ ಆಕಾಶದಿಂದ ಬರುವುದು ಒಂದೇ ಬಣ್ಣವಲ್ಲ, ಎಲ್ಲ ಬಣ್ಣಗಳ ಬೆರಕೆ, ಅದು ಬಣ್ಣ ಗುರುತಿಸುವ, ಕಣ್ಣಿನ ಮೂರು ಬಗೆಯ ಶಂಕು ಕೋಶಗಳಿಗೆ ಬಿದ್ದಾಗ ನಮಗೆ ತಿಳಿನೀಲಿಯಾಗಿ ಕಾಣುತ್ತದೆ.

ಸಿದ್ಧ ಉತ್ತರವನ್ನು ಹೀಗೆ ಕೆಣಕುವುದು ಉಡಾಫೆಯಲ್ಲ. ಸಮುದ್ರ ನೀಲಿಯಾಗಿರುವುದು ಆಕಾಶದ ಪ್ರತಿಫಲನದಿಂದ ಅಂತ ದೊಡ್ಡ ವಿಜ್ಞಾನಿ ರೇಲಿಯೇ ಹೇಳಿದ್ದರು. 1921ರ ಹಡಗು ಪ್ರಯಾಣದಲ್ಲಿ ಸಿ.ವಿ. ರಾಮನ್ ನಿಕೊಲ್ ಪ್ರಿಸಂ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹರಳು) ಹಿಡಿದು, ಆ ಪ್ರತಿಫಲನವನ್ನು ತಡೆದು ನೋಡಿದರು. ನೀರು ಆಗಲೂ ನೀಲಿಯೇ! ಬೆಳಕು ಚದುರುವುದರ ಮೇಲೆ ಅವರು ಕೆಲಸ ಮುಂದುವರಿಸಿದ್ದು, 1928ರಲ್ಲಿ ರಾಮನ್ ಪರಿಣಾಮ ಸಿಕ್ಕಿದ್ದು ಆಮೇಲಿನ ಮಾತು.

ಸಮಾಜ ವಿಜ್ಞಾನಕ್ಕೆ ಬನ್ನಿ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ, ಚಳ್ಳಕೆರೆ ಒಣ ಸೀಮೆ, ಯಾಕೆ? ಮಳೆ ನೆರಳಿನ ಪ್ರದೇಶ ಅಂತ ಬರೆಯುತ್ತಾರೆ. ಗಾಳಿ ಘಟ್ಟ ಏರುವಾಗ ಹಿಗ್ಗಿ ತಣ್ಣಗಾಗುತ್ತದೆ, ಇಳಿಯುವಾಗ ಒತ್ತಿಕೊಂಡು ಬಿಸಿಯಾಗಿ ಮೋಡ ಕರಗುತ್ತದೆ, ಸರಿ. ಹಾಗಾದರೆ ಘಟ್ಟದ ಆಚೆಗೇ ಇರುವ ಬೆಂಗಳೂರಿಗೆ ಅಷ್ಟು ಮಳೆ ಎಲ್ಲಿಂದ? ಮೇ ತಿಂಗಳ ಗುಡುಗು ಮಳೆಯನ್ನೂ ಸೆಪ್ಟೆಂಬರ್, ಅಕ್ಟೋಬರ್ ಮಳೆಯನ್ನೂ ಲೆಕ್ಕಕ್ಕೆ ತಗೊಳ್ಳಿ. ಘಟ್ಟದ ಕತೆ ಮುಖ್ಯವಾಗಿ ಮುಂಗಾರಿನದು, ಇಡೀ ವರ್ಷದ್ದಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಗಣಿತದ್ದು. √2 ಅಭಾಗಲಬ್ಧ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ, ಎಂದು ಸಾಧಿಸಿ. √2 = a/b ಅಂತಿಟ್ಟುಕೊಂಡು, a, b ಎರಡಕ್ಕೂ 1 ಬಿಟ್ಟು ಬೇರೆ ಅಪವರ್ತನ ಇಲ್ಲ ಅಂತ ಶುರು ಮಾಡಿ, ಕೊನೆಗೆ ಎರಡನ್ನೂ 2 ಭಾಗಿಸುತ್ತದೆ ಅಂತ ತೋರಿಸಿದರೆ ವಿರೋಧಾಭಾಸ, ಸಾಧನೆ ಮುಗಿಯಿತು. ಈಗ ತಮಾಷೆಗೆ 2 ಇರುವ ಕಡೆಯೆಲ್ಲ 4 ಹಾಕಿ. ಎಚ್ಚರ ತಪ್ಪಿದರೆ √4 ಕೂಡ ಅಭಾಗಲಬ್ಧ ಅಂತ ಬಂದುಬಿಡುತ್ತದೆ! ಎಡವುವ ಸಾಲು ಒಂದೇ: "a²ನ್ನು 4 ಭಾಗಿಸಿದರೆ aಯನ್ನೂ ಭಾಗಿಸುತ್ತದೆ". a = 2 ಹಾಕಿ ನೋಡಿ, ಸುಳ್ಳು. 2 ಅವಿಭಾಜ್ಯ, ಹಾಗಾಗಿ 2ಕ್ಕೆ ಈ ಸಾಲು ನಿಜ. 4 ಅವಿಭಾಜ್ಯ ಅಲ್ಲ. ಮಕ್ಕಳು ಸುಮ್ನೆ ಉರು ಹೊಡೆದು ದಾಟಿಹೋಗುವ ಆ ಸಾಲಿನ ಮೇಲೇ ಇಡೀ ಸಾಧನೆ ನಿಂತಿದೆ.