ಸ್ಪೇನ್ 1931–39: ಅರ್ಧ ಗೆದ್ದ ದಂಗೆಯಿಂದ ಅಂತರ್ಯುದ್ಧಕ್ಕೆ, ಅಲ್ಲಿಂದ ಸರ್ವಾಧಿಕಾರಕ್ಕೆ

1931ರ ಏಪ್ರಿಲ್ 12ರಂದು ಸ್ಪೇನಿನಲ್ಲಿ ನಡೆದದ್ದು ಬರೀ ಸ್ಥಳೀಯ ಸಂಸ್ಥೆಗಳ ಚುನಾವಣೆ. ಆದರೆ ಬಹುಪಾಲು ಪ್ರಾಂತ್ಯಗಳ ಮುಖ್ಯಪಟ್ಟಣಗಳಲ್ಲಿ ರಾಜಪ್ರಭುತ್ವದ ವಿರೋಧಿಗಳು ಗೆದ್ದರು. ಎರಡೇ ದಿನದಲ್ಲಿ, ಏಪ್ರಿಲ್ 14ಕ್ಕೆ, ದೊರೆ 13ನೇ ಅಲ್ಫೊನ್ಸೊ ದೇಶ ಬಿಟ್ಟು ಹೊರಟ, ಗಣರಾಜ್ಯದ ಘೋಷಣೆಯಾಯಿತು. ಬೀದಿಗಳಲ್ಲಿ ಹಬ್ಬದ ವಾತಾವರಣ. ಐದು ವರ್ಷ ಮೂರು ತಿಂಗಳಿಗೆ ಅದೇ ಬೀದಿಗಳಲ್ಲಿ ಫಿರಂಗಿ ಹಾರಿತು. 1939ರ ಏಪ್ರಿಲ್ 1ರ ಹೊತ್ತಿಗೆ ಗಣರಾಜ್ಯವೇ ಇರಲಿಲ್ಲ.

ಸ್ಪೇನಿನ ಅಂತರ್ಯುದ್ಧ ಏಕೆ ಆಯಿತು ಎಂದು ಕೇಳಿದರೆ "ಫ್ಯಾಸಿಸಂ ಮತ್ತು ಕಮ್ಯುನಿಸಂ ನಡುವಿನ ಹೋರಾಟ" ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸುವವರು ಬಹಳ ಮಂದಿ. ಆ ಸಾಲು ನಿಲ್ಲುವುದಿಲ್ಲ. 1936ರ ಫೆಬ್ರವರಿ ಚುನಾವಣೆಯಲ್ಲಿ 473 ಸ್ಥಾನಗಳ ಸಂಸತ್ತಿನಲ್ಲಿ ಕಮ್ಯುನಿಸ್ಟರಿಗೆ ಸಿಕ್ಕಿದ್ದು 17. ಫ್ಯಾಸಿಸ್ಟ್ ಪಕ್ಷವಾದ ಫಲಾಂಜೆಗೆ ಒಂದೂ ಇಲ್ಲ. ಎರಡೂ ದೊಡ್ಡದಾದದ್ದು ಯುದ್ಧದಿಂದ. ಯುದ್ಧಕ್ಕೆ ಕಾರಣ ಹುಡುಕಬೇಕಾದದ್ದು ಬೇರೆ ಕಡೆ: ಸೋತವರಿಗೆ ಮುಂದಿನ ಚುನಾವಣೆಯ ಮೇಲೆ ಹಂತಹಂತವಾಗಿ ನಂಬಿಕೆ ಹೋದದ್ದರಲ್ಲಿ, ಮತ್ತು 1936ರ ಜುಲೈನ ಮೂರು ನಾಲ್ಕು ದಿನಗಳಲ್ಲಿ ಸೇನಾ ದಂಗೆ ಅರ್ಧ ಮಾತ್ರ ಗೆದ್ದದ್ದರಲ್ಲಿ.

ಚುನಾವಣಾ ಲೆಕ್ಕ: ಇದನ್ನು ಮೊದಲು ಕಲಿಯಿರಿ

ಗಣರಾಜ್ಯದ ಚುನಾವಣಾ ಕಾನೂನು ಅರ್ಥವಾಗದಿದ್ದರೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ. ಒಂದು ಕ್ಷೇತ್ರಕ್ಕೆ ಹಲವು ಸ್ಥಾನ, ಪಕ್ಷಗಳು ಕೂಡಿ ಪಟ್ಟಿ ಮಾಡಿ ನಿಲ್ಲಬೇಕು, ಗೆದ್ದ ಪಟ್ಟಿಗೆ ಸಿಂಹಪಾಲು. ಮ್ಯಾಡ್ರಿಡ್ ನಗರಕ್ಕೆ 17 ಸ್ಥಾನ. ಅದರಲ್ಲಿ 13 ಮುಂದಿರುವ ಪಟ್ಟಿಗೆ, 4 ಎರಡನೆಯ ಪಟ್ಟಿಗೆ. ನೂರರಲ್ಲಿ 51 ಮತ ಬಂದರೂ 13, 60 ಬಂದರೂ 13. ಮುಂದಿನ ಸಲ ನೂರಕ್ಕೆ ಇಬ್ಬರು ಮತದಾರರು ಮನಸ್ಸು ಬದಲಿಸಿದರೆ ಸಾಕು, 13 ಇದ್ದವರು 4ಕ್ಕೆ ಇಳಿಯುತ್ತಾರೆ. ನಮ್ಮಲ್ಲಿಯೂ ಮತಪ್ರಮಾಣಕ್ಕೂ ಸೀಟುಗಳಿಗೂ ತಾಳೆಯಾಗುವುದಿಲ್ಲ, ನಿಜ. ಆದರೆ ನಮ್ಮಲ್ಲಿ ಒಂದು ಕ್ಷೇತ್ರದ ಏರುಪೇರಿನಿಂದ ಬದಲಾಗುವುದು ಒಂದೇ ಸ್ಥಾನ. ಅಲ್ಲಿ ಒಂದು ನಗರ ವಾಲಿದರೆ ಒಂಬತ್ತು ಸ್ಥಾನ ಕೈ ಬದಲಾಗುತ್ತಿತ್ತು.

ಕಾನೂನು ಮಾಡಿದವರ ಉದ್ದೇಶ ಒಳ್ಳೆಯದೇ. ಗಟ್ಟಿ ಬಹುಮತದ ಸರ್ಕಾರ ಬೇಕೆಂದು ಹಾಗೆ ಮಾಡಿದರು. ಫಲ ಮಾತ್ರ ಎರಡು ಬಗೆಯಲ್ಲಿ ಕೆಟ್ಟಿತು. ನಡುದಾರಿಯ ಸಣ್ಣ ಪಕ್ಷಗಳು ಒಂಟಿಯಾಗಿ ನಿಂತರೆ ಬದುಕುವಂತಿರಲಿಲ್ಲ, ಯಾವುದಾದರೂ ಒಂದು ತುದಿಯವರ ಜೊತೆ ಸೇರಲೇಬೇಕಿತ್ತು. ಜೊತೆಗೆ ಪ್ರತಿ ಚುನಾವಣೆಯೂ ದೇಶದ ದಿಕ್ಕನ್ನೇ ತಿರುಗಿಸುತ್ತಿತ್ತು. 1933ರ ನವೆಂಬರ್ 19ರಂದು ಎಡಪಂಥೀಯರು ಒಡೆದು ನಿಂತರು. ಅರಾಜಕತಾವಾದಿ ಕಾರ್ಮಿಕ ಸಂಘ ಸಿಎನ್‌ಟಿ ಮತ ಹಾಕಬೇಡಿ ಎಂದು ಕರೆ ಕೊಟ್ಟಿತು. ಸಮಾಜವಾದಿಗಳು ನೂರಕ್ಕೂ ಹೆಚ್ಚು ಸ್ಥಾನಗಳಿಂದ ಸುಮಾರು 60ಕ್ಕೆ ಕುಸಿದರು. ಕ್ಯಾಥೊಲಿಕ್ ಬಲಪಂಥದ ಒಕ್ಕೂಟ ಸೆಡಾ 115 ಗೆದ್ದು ಅತಿ ದೊಡ್ಡ ಗುಂಪಾಯಿತು. 1936ರ ಫೆಬ್ರವರಿ 16ರಂದು ಎಡ ಪಕ್ಷಗಳು "ಜನತಾ ರಂಗ" ಎಂದು ಕೂಡಿ ನಿಂತವು. ಮತಗಳಲ್ಲಿ ಎರಡು ಬಣಗಳ ಅಂತರ ಬಹಳ ಕಡಿಮೆ, ಆದರೆ ರಂಗಕ್ಕೆ 260ಕ್ಕೂ ಹೆಚ್ಚು ಸ್ಥಾನ. ಸೋತವರ ಕಣ್ಣಿಗೆ ಇದು ಹೇಗೆ ಕಂಡಿರಬಹುದು ಎಂದು ಒಂದು ನಿಮಿಷ ಯೋಚಿಸಿ.

(1933ರ ಸೋಲನ್ನು ಮೊದಲ ಸಲ ಮತ ಹಾಕಿದ ಹೆಂಗಸರ ತಲೆಗೆ ಕಟ್ಟುವ ವಾಡಿಕೆ ಇದೆ. 1931ರ ಅಕ್ಟೋಬರ್ 1ರಂದು ಕ್ಲಾರಾ ಕಾಂಪೊಅಮೊರ್ ಸದನದಲ್ಲಿ ಹೋರಾಡಿ 161ಕ್ಕೆ 121 ಮತಗಳಿಂದ ಗೆಲ್ಲಿಸಿಕೊಟ್ಟ ಹಕ್ಕು ಅದು. 1936ರಲ್ಲಿ ಅದೇ ಹೆಂಗಸರು ಮತ ಹಾಕಿದಾಗ ಎಡಪಂಥ ಗೆದ್ದಿತು. ಎಡಪಂಥ ಒಡೆದು ನಿಂತದ್ದೇ 1933ರ ಸೋಲಿನ ದೊಡ್ಡ ಕಾರಣ.)

ಎಲ್ಲ ಬಾಗಿಲನ್ನೂ ಒಟ್ಟಿಗೆ ತಟ್ಟಿದ ಸರ್ಕಾರ

1931ರಿಂದ 33ರವರೆಗಿನ ಮ್ಯಾನುಯೆಲ್ ಅಸಾನ್ಯ ಸರ್ಕಾರ ಸೇನೆ, ಚರ್ಚು, ಭೂಮಿ, ಕ್ಯಾಟಲೋನಿಯಾದ ಸ್ವಾಯತ್ತತೆ, ಈ ನಾಲ್ಕಕ್ಕೂ ಒಂದೇ ಕಾಲಕ್ಕೆ ಕೈ ಹಾಕಿತು. ಒಂದೊಂದೂ ಆಗಬೇಕಾದ ಕೆಲಸವೇ.

ಸೇನೆಯಲ್ಲಿ ಅಧಿಕಾರಿಗಳ ಸಂಖ್ಯೆ ವಿಪರೀತವಿತ್ತು. ಡಿವಿಜನ್‌ಗಳನ್ನು 16ರಿಂದ 8ಕ್ಕೆ ಇಳಿಸಿದರು, ಪೂರ್ತಿ ಸಂಬಳದಲ್ಲಿ ನಿವೃತ್ತಿಯಾಗಬಹುದು ಎಂದರು, ಸುಮಾರು 8,000 ಮಂದಿ ಹೋದರು. ಆದರೆ ಗಣರಾಜ್ಯಕ್ಕೆ ನಿಷ್ಠರು ಯಾರು, ಅಲ್ಲದವರು ಯಾರು ಎಂದು ಈ ಜರಡಿ ಬೇರ್ಪಡಿಸಲಿಲ್ಲ. ಸರಗೋಸಾದ ಸೇನಾ ಅಕಾಡೆಮಿಯನ್ನು ಮುಚ್ಚಿದಾಗ ಅದರ ಮುಖ್ಯಸ್ಥನಾಗಿದ್ದವನು ಫ್ರಾನ್ಸಿಸ್ಕೊ ಫ್ರಾಂಕೊ, ಮುಂದೆ ಸರ್ವಾಧಿಕಾರಿಯಾದವನು.

ಚರ್ಚಿನ ವಿಷಯದಲ್ಲಿ ಸಂವಿಧಾನದ 26ನೇ ವಿಧಿ ಮುಖ್ಯ. ಪಾದ್ರಿಗಳಿಗೆ ಸರ್ಕಾರಿ ಸಂಬಳ ನಿಲ್ಲಿಸುವುದು ಒಂದು ಮಾತು. ಧಾರ್ಮಿಕ ಸಂಘಗಳು ಶಾಲೆ ನಡೆಸಬಾರದು ಎನ್ನುವುದು ಇನ್ನೊಂದು. ಎರಡನೆಯದು ತಟ್ಟಿದ್ದು ಜಮೀನ್ದಾರನಿಗಲ್ಲ, ಮಗುವನ್ನು ಆ ಶಾಲೆಗೆ ಕಳಿಸುತ್ತಿದ್ದ ಸಾಮಾನ್ಯ ಕುಟುಂಬಕ್ಕೆ. ಕ್ಯಾಸ್ಟೀಲಿನ ಸಣ್ಣ ರೈತನಿಗೂ ಆಂದಲೂಸಿಯಾದ ದೊಡ್ಡ ಜಮೀನ್ದಾರನಿಗೂ ಹಣದ ಲೆಕ್ಕದಲ್ಲಿ ಸಮಾನವಾದದ್ದು ಏನೂ ಇರಲಿಲ್ಲ. ಅವರಿಬ್ಬರನ್ನು ಒಂದೇ ಬಾವುಟದ ಕೆಳಗೆ ತಂದದ್ದು ಈ ವಿಧಿ. ನನ್ನ ತೂಕದಲ್ಲಿ ಗಣರಾಜ್ಯದ ಅತಿ ದುಬಾರಿ ತಪ್ಪು ಇದೇ.

ಭೂಮಿಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ: ಗದ್ದಲ ಜಾಸ್ತಿ, ಕೆಲಸ ಕಡಿಮೆ. 1932ರ ಸೆಪ್ಟೆಂಬರಿನಲ್ಲಿ ಭೂಸುಧಾರಣಾ ಕಾನೂನು ಬಂತು. 1934ರ ಕೊನೆಗೆ ಭೂಮಿ ಸಿಕ್ಕಿದ್ದು ಸುಮಾರು 12,000 ಕುಟುಂಬಗಳಿಗೆ. ದಕ್ಷಿಣದಲ್ಲಿ ಕಾದಿದ್ದ ಕೂಲಿಕಾರರು ಲಕ್ಷಗಟ್ಟಲೆ. ಒಡೆಯರಿಗೆ ಭಯ ಹುಟ್ಟಿತು, ಕೂಲಿಯವರಿಗೆ ಹೊಟ್ಟೆ ತುಂಬಲಿಲ್ಲ. ಮೊದಲು ಆಯಾ ಊರಿನವರಿಗೇ ಕೂಲಿ ಕೊಡಬೇಕು ಎಂಬ 1931ರ ಆಜ್ಞೆಯೊಂದು ಮಾತ್ರ ಕೂಲಿಯನ್ನು ನಿಜಕ್ಕೂ ಏರಿಸಿತ್ತು, ಏಕೆಂದರೆ ಹೊರಗಿನಿಂದ ಅಗ್ಗದ ಆಳು ತರುವ ದಾರಿಯನ್ನು ಅದು ಮುಚ್ಚಿತ್ತು. 1934ರಲ್ಲಿ ಬಲಪಂಥೀಯ ಬಹುಮತ ಅದನ್ನೇ ಮೊದಲು ಕಿತ್ತುಹಾಕಿತು. ಆ ಸಿಟ್ಟು ಎಲ್ಲಿಗೂ ಹೋಗಲಿಲ್ಲ. 1936ರ ಮಾರ್ಚ್ 25ರ ಬೆಳಗ್ಗೆ ಬಾದಾಹೋಸ್ ಪ್ರಾಂತ್ಯದಲ್ಲಿ ಸುಮಾರು 60,000 ರೈತರು ನೇಗಿಲು ಹಿಡಿದು ಜಮೀನಿಗೆ ಇಳಿದರು.

1934: ಎರಡೂ ಕಡೆ ನಂಬಿಕೆ ಸತ್ತ ವರ್ಷ

ಬಲಪಂಥದಿಂದ ಮೊದಲ ದಂಗೆ ಆದದ್ದು 1932ರ ಆಗಸ್ಟ್ 10ರಂದು, ಸೆವಿಲ್ಯಾದಲ್ಲಿ, ಜನರಲ್ ಸಾನ್‌ಹುರ್ಹೊ ನೇತೃತ್ವದಲ್ಲಿ. ಸುಲಭವಾಗಿ ಸೋತಿತು. ಅವನಿಗೆ ಬಿದ್ದ ಮರಣದಂಡನೆ ಜೀವಾವಧಿಯಾಯಿತು, 1934ರಲ್ಲಿ ಕ್ಷಮಾದಾನವೂ ಸಿಕ್ಕಿತು, ಪೋರ್ಚುಗಲ್‌ನಲ್ಲಿ ಕೂತು ಮುಂದಿನ ದಂಗೆಗೆ ನಾಮಮಾತ್ರದ ನಾಯಕನಾದ. ದಂಗೆ ಸೋತರೂ ದೊಡ್ಡ ನಷ್ಟವಿಲ್ಲ ಎಂಬ ಪಾಠವನ್ನು ಸೇನೆ ಕಲಿತದ್ದು ಇಲ್ಲಿ.

1934ರ ಅಕ್ಟೋಬರ್‌ನಲ್ಲಿ ಸೆಡಾದ ಮೂವರು ಮಂತ್ರಿಗಳಾದರು. ಅತಿ ದೊಡ್ಡ ಪಕ್ಷಕ್ಕೆ ಮೂರು ಖಾತೆ. ಸಂವಿಧಾನದ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಆದರೆ ಹಿಂದಿನ ವರ್ಷವಷ್ಟೇ ಜರ್ಮನಿಯಲ್ಲಿ ಹಿಟ್ಲರ್ ಹೀಗೆಯೇ ಕಾನೂನಿನ ಬಾಗಿಲಿನಿಂದ ಒಳಬಂದಿದ್ದ. ಗಣರಾಜ್ಯಕ್ಕೆ ನಿಷ್ಠೆ ಎಂಬ ಮಾತನ್ನು ಸೆಡಾ ನಾಯಕ ಹಿಲ್ ರೊಬ್ಲೆಸ್ ಸ್ಪಷ್ಟವಾಗಿ ಆಡಿರಲಿಲ್ಲ. ಸಮಾಜವಾದಿಗಳು ಬಂಡೆದ್ದರು. ಬಾರ್ಸಿಲೋನಾದಲ್ಲಿ ಕ್ಯಾಟಲೋನಿಯಾ ಸರ್ಕಾರದ ಮುಖ್ಯಸ್ಥ ಕೊಂಪಾನಿಸ್ ಘೋಷಿಸಿದ ಕ್ಯಾಟಲನ್ ರಾಜ್ಯ ಒಂದು ರಾತ್ರಿ ಕಳೆಯುವುದರೊಳಗೆ ಮುಗಿಯಿತು. ಅಸ್ತೂರಿಯಾಸ್‌ನ ಗಣಿ ಕಾರ್ಮಿಕರು ಮಾತ್ರ ಡೈನಮೈಟ್ ಹಿಡಿದು ಎರಡು ವಾರ ನಿಂತರು. ಅವರನ್ನು ಹತ್ತಿಕ್ಕಲು ಸ್ಪೇನಿನ ಹಿಡಿತದಲ್ಲಿದ್ದ ಮೊರಾಕ್ಕೊ ಭಾಗದಿಂದ ಪಡೆಗಳನ್ನು ತರಿಸಲಾಯಿತು, ಮ್ಯಾಡ್ರಿಡ್‌ನಲ್ಲಿ ಕೂತು ಸಂಯೋಜಿಸಿದವನು ಫ್ರಾಂಕೊ. ಸಾವಿರಕ್ಕೂ ಮೀರಿ ಜನ ಸತ್ತರು, ಸಾವಿರಾರು ಮಂದಿ ಜೈಲು ಸೇರಿದರು. ಚುನಾಯಿತ ಸರ್ಕಾರದ ವಿರುದ್ಧ ಎಡಪಂಥವೂ ಆಯುಧ ಎತ್ತಿತ್ತು ಎನ್ನುವುದನ್ನು ಉತ್ತರದಲ್ಲಿ ಬಿಡಬೇಡಿ. ಬಿಟ್ಟರೆ ಚಿತ್ರ ಅರ್ಧವಾಗುತ್ತದೆ.

1936ರ ವಸಂತ

ಫೆಬ್ರವರಿಯ ಗೆಲುವಿನ ನಂತರ ಎಡಪಂಥದ್ದು ಎತ್ತು ಏರಿಗೆ, ಕೋಣ ನೀರಿಗೆ. ಚುನಾವಣೆಗೆ ಕೂಡಿದ್ದ ಸಮಾಜವಾದಿಗಳು ಸರ್ಕಾರಕ್ಕೆ ಸೇರಲಿಲ್ಲ. ಮೇ ತಿಂಗಳಲ್ಲಿ ಅಸಾನ್ಯ ಅಧ್ಯಕ್ಷನಾದ. ಪ್ರಧಾನಿಯಾಗಲು ಸಮಾಜವಾದಿ ನಾಯಕ ಇಂದಲೇಸಿಯೊ ಪ್ರಿಯೆತೊಗೆ ಕರೆ ಹೋಯಿತು, ಅವನದೇ ಪಕ್ಷದ ಲಾರ್ಗೊ ಕಬಾಯೆರೊ ಬಣ ಅಡ್ಡ ನಿಂತಿತು. ಆ ಕುರ್ಚಿಯಲ್ಲಿ ಕೊನೆಗೆ ಕೂತವನು ಕಸಾರೆಸ್ ಕಿರೋಗಾ.

ಸಂಶಯಾಸ್ಪದ ಜನರಲ್‌ಗಳನ್ನು ದೂರ ಕಳಿಸಲಾಯಿತು: ಫ್ರಾಂಕೊ ಕ್ಯಾನರಿ ದ್ವೀಪಗಳಿಗೆ, ಗೊದೆದ್ ಬಾಲಿಯಾರಿಕ್ ದ್ವೀಪಗಳಿಗೆ, ಮೋಲಾ ಪಾಂಪ್ಲೋನಾಕ್ಕೆ. ಮೂರನೆಯದು ಮೀನನ್ನು ಹಿಡಿದು ಹೊಳೆಗೇ ಬಿಟ್ಟ ಹಾಗೆ. ಪಾಂಪ್ಲೋನಾ ಗಣರಾಜ್ಯವನ್ನು ಕಂಡರಾಗದ ಕಾರ್ಲಿಸ್ಟರ (ಹಳೆಯ ಸಂಪ್ರದಾಯದ ರಾಜಪ್ರಭುತ್ವವಾದಿಗಳ) ತವರು, ಅವರಿಗೆ ಸ್ವಂತ ಪಡೆಯೂ ಇತ್ತು. ಪಿತೂರಿಯ ನಿಜವಾದ ಸೂತ್ರಧಾರ ಮೋಲಾ. ಫ್ರಾಂಕೊ ಕೊನೆಯವರೆಗೂ ಹಿಂದೆಮುಂದೆ ನೋಡಿದವನು. ಜುಲೈ 12ರ ರಾತ್ರಿ ಅಸಾಲ್ಟ್ ಗಾರ್ಡ್ ಪೊಲೀಸ್ ಪಡೆಯ ಲೆಫ್ಟಿನೆಂಟ್ ಕಾಸ್ತಿಯೊನನ್ನು ಬಲಪಂಥೀಯರು ಕೊಂದರು. ಕೆಲವೇ ಗಂಟೆಗಳಲ್ಲಿ ಪೊಲೀಸರೇ ಸೇಡಿಗಾಗಿ ವಿರೋಧ ಪಕ್ಷದ ನಾಯಕ ಕಾಲ್ವೊ ಸೊತೆಲೊನನ್ನು ಮನೆಯಿಂದ ಎಬ್ಬಿಸಿ ಕರೆದೊಯ್ದು ಗುಂಡಿಕ್ಕಿದರು. ದಂಗೆಯ ಸಿದ್ಧತೆ ಇದಕ್ಕೂ ಮೊದಲೇ ಮುಗಿದಿತ್ತು. ಹಿಂದೇಟು ಹಾಕುತ್ತಿದ್ದವರ ಅನುಮಾನ ಮಾತ್ರ ಈ ಕೊಲೆಯಿಂದ ಕರಗಿತು.

ಜುಲೈ 17ರಿಂದ 20: ಗಂಟೆ ಗಂಟೆಯ ಲೆಕ್ಕ

ಈ ಭಾಗವನ್ನು ನಿಧಾನವಾಗಿ ಓದಿ. ದಂಗೆ 17ರ ಸಂಜೆ ಮೊರಾಕ್ಕೊ ತೀರದ ಸ್ಪ್ಯಾನಿಷ್ ಊರು ಮೆಲೀಯಾದಲ್ಲಿ ಶುರುವಾಯಿತು. ಕಾರ್ಮಿಕ ಸಂಘಗಳು ಆಯುಧ ಕೊಡಿ ಎಂದವು. ಕೊಟ್ಟರೆ ಅಧಿಕಾರ ಸರ್ಕಾರದ ಕೈಯಲ್ಲಿ ಉಳಿಯುವುದಿಲ್ಲ, ಕೊಡದಿದ್ದರೆ ದಂಗೆಕೋರರ ಪಾಲಾಗುತ್ತದೆ: ಅತ್ತ ದರಿ, ಇತ್ತ ಪುಲಿ. ಕಸಾರೆಸ್ ಕೊಡಲಿಲ್ಲ, ರಾಜೀನಾಮೆ ಕೊಟ್ಟ. ಮಾರ್ತಿನೆಸ್ ಬಾರ್ರಿಯೊ ಕೆಲವೇ ಗಂಟೆ ಪ್ರಧಾನಿಯಾಗಿದ್ದು, ಮೋಲಾಗೆ ಫೋನ್ ಮಾಡಿ ರಾಜಿಗೆ ಯತ್ನಿಸಿ ಸೋತ. 19ರಂದು ಬಂದ ಹೊಸೆ ಹಿರಾಲ್ ಆಯುಧ ಹಂಚಲು ಒಪ್ಪಿದ.

ಮ್ಯಾಡ್ರಿಡ್‌ನಲ್ಲಿ ಬಂದೂಕುಗಳೇನೋ ಸಾವಿರಾರು ಇದ್ದವು. ಸುಮಾರು 5,000 ಬಿಟ್ಟರೆ ಉಳಿದವುಗಳಿಗೆ ಬೋಲ್ಟ್ ಇರಲಿಲ್ಲ. ಬೋಲ್ಟ್ ಎಂದರೆ ಹಿಂದೆಮುಂದೆ ಎಳೆದು ತೋಟಾ ಕೂರಿಸುವ ಉಕ್ಕಿನ ತುಂಡು. ಅದಿಲ್ಲದ ಬಂದೂಕು ಬರೀ ದೊಣ್ಣೆ. ಮುನ್ನೆಚ್ಚರಿಕೆಯೆಂದು ಅವನ್ನು ಬಿಚ್ಚಿ ಮೊಂತಾನ್ಯಾ ಬ್ಯಾರಕ್‌ನಲ್ಲಿ ಇರಿಸಿದ್ದರು. ಆ ಬ್ಯಾರಕ್ ಈಗ ದಂಗೆಕೋರರ ಕೈಯಲ್ಲಿ. 20ನೇ ತಾರೀಖು ಫಿರಂಗಿ ತಂದು ಹೊಡೆದು ಜನ ಅದರೊಳಗೆ ನುಗ್ಗಿದ ಮೇಲೆಯೇ ಬೋಲ್ಟ್‌ಗಳು ಸಿಕ್ಕವು.

ಯಾವ ಊರು ಯಾರ ಪಾಲಾಯಿತು ಎಂಬುದಕ್ಕೆ ಬಾರ್ಸಿಲೋನಾ, ಸರಗೋಸಾ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಸಿಎನ್‌ಟಿಯ ಭದ್ರಕೋಟೆಗಳು. ಬಾರ್ಸಿಲೋನಾದಲ್ಲಿ ಅಸಾಲ್ಟ್ ಗಾರ್ಡ್, ಸಿವಿಲ್ ಗಾರ್ಡ್ ಪಡೆಗಳು ಸರ್ಕಾರದ ಪರ ನಿಂತವು, ಕಾರ್ಮಿಕರು ಜೊತೆಗೂಡಿದರು, ಮಯೋರ್ಕಾದಿಂದ ಹಾರಿಬಂದ ಗೊದೆದ್ ಸೆರೆಸಿಕ್ಕು ರೇಡಿಯೊದಲ್ಲಿ ಸೋಲು ಒಪ್ಪಿಕೊಂಡ. ಸರಗೋಸಾದಲ್ಲಿ ಪೊಲೀಸ್ ಪಡೆ ದಂಗೆಯ ಕಡೆ ವಾಲಿತು, ಆಯುಧವಿಲ್ಲದ ಕಾರ್ಮಿಕರ ಮುಷ್ಕರದಿಂದ ಏನೂ ಆಗಲಿಲ್ಲ. ಬರೀ ಜನಬಲ ಸಾಲಲಿಲ್ಲ. ಸಮವಸ್ತ್ರ ತೊಟ್ಟವರಲ್ಲಿ ಒಂದು ಭಾಗ ನಿಷ್ಠವಾಗಿದ್ದು, ಮೊದಲ ಗಂಟೆಗಳಲ್ಲೇ ಆಜ್ಞೆ ಕೊಡುವ ಅಧಿಕಾರಿಯೂ ಇದ್ದ ಕಡೆ ಗಣರಾಜ್ಯ ಉಳಿಯಿತು.

ದಂಗೆ ಪೂರ್ತಿ ಸೋತಿದ್ದರೆ 1932ರ ಹಾಗೆ ಮುಗಿಯುತ್ತಿತ್ತು. ಪೂರ್ತಿ ಗೆದ್ದಿದ್ದರೆ 1923ರ ಪ್ರಿಮೊ ದೆ ರಿವೆರಾನ ಹಾಗೆ ಇನ್ನೊಂದು ಸರ್ವಾಧಿಕಾರ ಬರುತ್ತಿತ್ತು. ಅರ್ಧ ಗೆದ್ದದ್ದರಿಂದ ದೇಶ ಎರಡಾಯಿತು. ಆ ಸ್ಥಿತಿಯಲ್ಲೂ ದಂಗೆ ಮುಗ್ಗರಿಸುವುದರಲ್ಲಿತ್ತು. ನಾವಿಕರು ಅಧಿಕಾರಿಗಳ ವಿರುದ್ಧ ಎದ್ದು ಹೆಚ್ಚಿನ ಹಡಗುಗಳನ್ನು ಗಣರಾಜ್ಯಕ್ಕೆ ಉಳಿಸಿದ್ದರಿಂದ ಸ್ಪೇನಿನ ಅತಿ ನುರಿತ ಪಡೆ, ಆಫ್ರಿಕಾ ಸೇನೆ, ಮೊರಾಕ್ಕೊದಲ್ಲೇ ಸಿಕ್ಕಿಕೊಂಡಿತು. ಜುಲೈ ಕೊನೆಗೆ ಹಿಟ್ಲರ್ ಕಳಿಸಿದ ಯುಂಕರ್ಸ್ 52, ಮುಸೊಲಿನಿ ಕಳಿಸಿದ ಸವೋಯಾ ವಿಮಾನಗಳು ಆ ಸೈನಿಕರನ್ನು ಜಿಬ್ರಾಲ್ಟರ್ ಜಲಸಂಧಿ ದಾಟಿಸಿದವು. ಬ್ರಿಟನ್, ಫ್ರಾನ್ಸ್ ಆಗಸ್ಟ್‌ನಲ್ಲಿ "ಮಧ್ಯಪ್ರವೇಶವಿಲ್ಲ" ಎಂಬ ಒಪ್ಪಂದ ಹಿಡಿದು ಕೂತವು. ಜರ್ಮನಿ, ಇಟಲಿ ಅದಕ್ಕೆ ಸಹಿ ಹಾಕಿಯೂ ಕಳಿಸುತ್ತಲೇ ಇದ್ದವು. ದೊಡ್ಡ ನೆರವಿಗೆ ಗಣರಾಜ್ಯಕ್ಕೆ ಉಳಿದದ್ದು ಸೋವಿಯತ್ ಬಾಗಿಲು ಒಂದೇ. ಅದಕ್ಕೆ ತೆತ್ತ ಬೆಲೆ ಸುಮಾರು 510 ಟನ್ ಚಿನ್ನ, ಜೊತೆಗೆ ಬೆಳೆಯುತ್ತ ಹೋದ ಕಮ್ಯುನಿಸ್ಟರ ಹಿಡಿತ.

ಗಣರಾಜ್ಯದ ಕಡೆ ಆದ ಹಾನಿಯನ್ನೂ ಬರೆಯಬೇಕು. ಆಯುಧ ಬೀದಿಗೆ ಬಂದಾಗ ಪೊಲೀಸು, ನ್ಯಾಯಾಲಯ, ಜೈಲು ಮೂರೂ ಕಾರ್ಮಿಕ ಸಂಘ, ಪಕ್ಷಗಳ ಸಮಿತಿಗಳ ಕೈಗೆ ಹೋದವು. ಸುಮಾರು 50,000 ಜನರನ್ನು ಕೊಲ್ಲಲಾಯಿತು, ಅವರಲ್ಲಿ ಪಾದ್ರಿಗಳು, ಸನ್ಯಾಸಿಗಳು, ಸನ್ಯಾಸಿನಿಯರು 6,800ಕ್ಕೂ ಹೆಚ್ಚು. ಫ್ರಾಂಕೊ ಕಡೆ ಯುದ್ಧಾನಂತರದ್ದೂ ಸೇರಿ ಇದರ ಎರಡು ಪಟ್ಟಿಗಿಂತ ಹೆಚ್ಚು. ಅಲ್ಲಿ ಅದು ಮೇಲಿನ ಆಜ್ಞೆಯಂತೆ ನಡೆಯಿತು. ಕ್ರಮ ಅತ್ಯಂತ ಹಿಂಸಾತ್ಮಕವಾಗಿರಬೇಕು ಎಂದು ಮೋಲಾನ ಗುಪ್ತ ಸೂಚನೆಗಳಲ್ಲೇ ಇತ್ತು.

ಸರ್ವಾಧಿಕಾರ ಕಟ್ಟಿದ ಬಗೆ

ಸಾನ್‌ಹುರ್ಹೊ ಜುಲೈ 20ರಂದು ವಿಮಾನಾಪಘಾತದಲ್ಲಿ ಸತ್ತ. ಫಲಾಂಜೆ ಸ್ಥಾಪಕ ಹೊಸೆ ಆಂತೊನಿಯೊನನ್ನು ನವೆಂಬರ್ 20ರಂದು ಗಣರಾಜ್ಯ ಗಲ್ಲಿಗಲ್ಲ, ಗುಂಡಿಗೆ ಗುರಿ ಮಾಡಿತು. ಮೋಲಾ 1937ರ ಜೂನ್‌ನಲ್ಲಿ ಇನ್ನೊಂದು ವಿಮಾನಾಪಘಾತಕ್ಕೆ ಬಲಿಯಾದ. ಪೈಪೋಟಿ ತಾನಾಗಿ ತೆಳುವಾಯಿತು, ಆದರೆ ಫ್ರಾಂಕೊ ಕಾಯುತ್ತ ಕೂರಲಿಲ್ಲ. 1936ರ ಸೆಪ್ಟೆಂಬರಿನಲ್ಲಿ ಸಲಮಾಂಕಾ ಬಳಿಯ ವಿಮಾನ ನಿಲ್ದಾಣದಲ್ಲಿ ಜನರಲ್‌ಗಳು ಸೇರಿ ಅವನನ್ನು ಸೇನೆಗೂ ಸರ್ಕಾರಕ್ಕೂ ಮುಖ್ಯಸ್ಥನಾಗಿ ಆರಿಸಿದರು. ಕರಡಿನಲ್ಲಿದ್ದ "ಯುದ್ಧ ಇರುವವರೆಗೆ" ಎಂಬ ಮಾತು ಅಚ್ಚಾದ ಆಜ್ಞೆಯಲ್ಲಿ ಇರಲಿಲ್ಲ. 1937ರ ಏಪ್ರಿಲ್ 19ರಂದು ಫಲಾಂಜೆಯನ್ನೂ ಕಾರ್ಲಿಸ್ಟರನ್ನೂ ಒಂದೇ ಪಕ್ಷಕ್ಕೆ ಬೆಸೆದ, ಒಪ್ಪದ ಫಲಾಂಜೆ ನಾಯಕ ಎದಿಯಾನನ್ನು ಜೈಲಿಗೆ ಹಾಕಿದ. 1938ರ ಜನವರಿಯ ಕಾನೂನಿನಿಂದ ಶಾಸನ ಮಾಡುವ ಅಧಿಕಾರವೂ ಅವನದೇ ಆಯಿತು.

ಅದೇ ವರ್ಷ ಜೂನ್‌ನಲ್ಲಿ ನೆಹರೂ ಬಾರ್ಸಿಲೋನಾಗೆ ಹೋಗಿ ಬಂದರು. ಗಣರಾಜ್ಯದ ಸರ್ಕಾರ ಆಗ ಅಲ್ಲಿತ್ತು. ನವೆಂಬರಿಗೆ ಎಬ್ರೊ ನದಿಯ ಕದನದಲ್ಲಿ ಗಣರಾಜ್ಯ ಸೋತಿತು. 1939ರ ಮಾರ್ಚ್ 5ರಂದು ಮ್ಯಾಡ್ರಿಡ್‌ನ ಕರ್ನಲ್ ಕಸಾದೊ ತನ್ನದೇ ಸರ್ಕಾರದ ವಿರುದ್ಧ ಎದ್ದ, ಫ್ರಾಂಕೊ ಜೊತೆ ಗೌರವದ ಸಂಧಿ ಸಾಧ್ಯವೆಂಬ ಆಸೆಯಿಂದ. ಸಂಧಿ ಸಿಗಲಿಲ್ಲ, ಮಾರ್ಚ್ 28ಕ್ಕೆ ನಗರ ಬಿತ್ತು.

ಫ್ರಾಂಕೊ ಫೆಬ್ರವರಿಯಲ್ಲೇ ಸಿದ್ಧಪಡಿಸಿದ್ದ "ರಾಜಕೀಯ ಹೊಣೆಗಾರಿಕೆ" ಕಾನೂನು 1934ರ ಅಕ್ಟೋಬರ್ 1ರಿಂದ ಪೂರ್ವಾನ್ವಯವಾಗುತ್ತಿತ್ತು. ಅಂದು ಕಾನೂನುಬದ್ಧವಾಗಿದ್ದ ಪಕ್ಷದಲ್ಲಿ ಇದ್ದದ್ದು ಈಗ ಅಪರಾಧ. ಸೇನಾ ನ್ಯಾಯಾಲಯಗಳು ಗಣರಾಜ್ಯಕ್ಕೆ ನಿಷ್ಠರಾಗಿ ಉಳಿದವರನ್ನೇ "ಬಂಡಾಯಕ್ಕೆ ನೆರವಾದರು" ಎಂದು ಶಿಕ್ಷಿಸಿದವು. ದಂಗೆಕೋರರು 1936ರ ಜುಲೈನಲ್ಲಿ ಹೊರಡಿಸಿದ ಯುದ್ಧಸ್ಥಿತಿ ಘೋಷಣೆಯನ್ನು ಹಿಂತೆಗೆದದ್ದು 1948ರಲ್ಲಿ.