‘ಯು’ ಮತ್ತು ‘ನಾನ್-ಯು’: ನ್ಯಾನ್ಸಿ ಮಿಟ್‌ಫರ್ಡ್ ಮಾಡದ ವಿಂಗಡಣೆ

ಪ್ರಶ್ನೆ: ಇಂಗ್ಲಿಷರ ಮಾತನ್ನು ‘ಯು’ (ಮೇಲ್ವರ್ಗದ್ದು) ಮತ್ತು ‘ನಾನ್-ಯು’ (ಉಳಿದವರದು) ಎಂದು ಎರಡು ಪಾಲು ಮಾಡಿದ ಕಾದಂಬರಿಗಾರ್ತಿ ನ್ಯಾನ್ಸಿ ಮಿಟ್‌ಫರ್ಡ್ ಅವರೇ ಅಲ್ಲವೇ?

ಅಲ್ಲ. ಈ ಉತ್ತರವನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೆ ಎಂಬ ಲೆಕ್ಕವನ್ನು ನಾನು ಬಿಟ್ಟುಬಿಟ್ಟಿದ್ದೇನೆ.

ಈ ವಿಂಗಡಣೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಅಲನ್ ರಾಸ್ ಅವರದು. 1954ರಲ್ಲಿ ಹೆಲ್ಸಿಂಕಿಯ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು, ಇಂಗ್ಲೆಂಡಿನ ಮೇಲ್ವರ್ಗದವರು ಉಳಿದವರಿಗಿಂತ ಹೆಚ್ಚು ಓದಿದವರೂ ಅಲ್ಲ, ಹೆಚ್ಚು ಹಣವಂತರೂ ಅಲ್ಲ, ಈಗ ಅವರನ್ನು ಗುರುತಿಸಲು ಉಳಿದಿರುವುದು ಮಾತೊಂದೇ ಎಂದು ವಾದಿಸಿದರು. ‘ಅಪ್ಪರ್’ ಎಂಬುದರ ಮೊದಲ ಅಕ್ಷರವೇ ಆ ‘ಯು’. ಊಟದ ವೇಳೆ ತೊಡೆಯ ಮೇಲೆ ಹಾಸಿಕೊಳ್ಳುವ ಬಟ್ಟೆ ‘ಯು’ ಮನೆಯಲ್ಲಿ ‘ನ್ಯಾಪ್ಕಿನ್’, ಉಳಿದೆಡೆ ‘ಸರ್ವಿಯೆಟ್’. ಕನ್ನಡಿ ಅಲ್ಲಿ ‘ಲುಕಿಂಗ್-ಗ್ಲಾಸ್’, ಇಲ್ಲಿ ‘ಮಿರರ್’.

ಮಿಟ್‌ಫರ್ಡ್ ಮಾಡಿದ್ದು, 1955ರಲ್ಲಿ ‘ಎನ್‌ಕೌಂಟರ್’ ಪತ್ರಿಕೆಗೆ ಬರೆದ ಪ್ರಬಂಧದಲ್ಲಿ ವಿದ್ವಾಂಸರ ನಡುವೆಯೇ ಉಳಿದಿದ್ದ ಈ ಮಾತನ್ನು ಬೀದಿಗೆ ತಂದದ್ದು. ಅದನ್ನೂ ರಾಸ್ ಅವರ ಹೆಸರು ಹೇಳಿಯೇ ಮಾಡಿದರು. ಮಿಟ್‌ಫರ್ಡ್ ಸಂಪಾದಿಸಿದ 1956ರ ‘ನೊಬ್ಲೆಸ್ ಒಬ್ಲೀಜ್’ ಸಂಕಲನದಲ್ಲಿ ರಾಸ್ ಅವರ ಲೇಖನದ ಸಂಕ್ಷಿಪ್ತ ರೂಪವೂ ಇದೆ. ಅದೇ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ‘ಇದು ನ್ಯಾನ್ಸಿಯ ಸೃಷ್ಟಿ’ ಎನ್ನುವವರಿಗೆ ಪರಿವಿಡಿಯನ್ನೊಮ್ಮೆ ನೋಡಿ ಎಂದಷ್ಟೇ ಹೇಳಬಲ್ಲೆ.

ಹಾಗೆಂದು ಮಿಟ್‌ಫರ್ಡ್ ಅವರ ಪಾಲೇ ಇಲ್ಲವೆಂದರೆ ಅದೂ ಅನ್ಯಾಯ. 1945ರ ಅವರ ‘ದಿ ಪರ್ಸ್ಯೂಟ್ ಆಫ್ ಲವ್’ ಕಾದಂಬರಿಯಲ್ಲಿ, ಶಾಲೆಗೆ ಹೋಗಿಬರುವ ಫ್ಯಾನಿ ‘ಮಿರರ್’, ‘ನೋಟ್‌ಪೇಪರ್’ ಎಂಬಂಥ ಮಾತು ಕಲಿತಳೆಂದು ಅಂಕಲ್ ಮ್ಯಾಥ್ಯೂ ಕೂಗಾಡುತ್ತಾನೆ. ರಾಸ್ ತಮ್ಮ ಲೇಖನದಲ್ಲಿ ಈ ಕಾದಂಬರಿಯನ್ನೂ ಉದಾಹರಿಸಿದ್ದಾರೆ. ಕಾಳಿನಲ್ಲಿ ಒಂದಿಷ್ಟು ಇವರದು, ಅಳೆದ ಕೊಳಗ ಅವರದು.

ಯಾರೂ ಕೇಳದಿದ್ದರೂ ಇನ್ನೊಂದನ್ನು ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳಿಗೆ ಶಾಲೆ ಬೇಡವೆಂಬ ತಂದೆಯ ಮನೆಯಲ್ಲಿ (ಅಂಕಲ್ ಮ್ಯಾಥ್ಯೂ ಪಾತ್ರಕ್ಕೆ ಮಾದರಿ ಆ ತಂದೆಯೇ) ಬೆಳೆದ ಮಿಟ್‌ಫರ್ಡ್ ನಾಲ್ಕು ಜೀವನಚರಿತ್ರೆಗಳನ್ನು ಬರೆದದ್ದು ಹೇಗೆ? ನನ್ನ ಲೆಕ್ಕದಲ್ಲಿ ಸೇತುವೆಯಾದದ್ದು ಅನುವಾದ. 1946ರಲ್ಲಿ ಪ್ಯಾರಿಸ್ಸಿಗೆ ಹೋಗಿ ನೆಲೆಸಿದ ಅವರು, ಮದಾಮ್ ದ ಲಾಫಾಯೆತ್ ಅವರ 1678ರ ಕಾದಂಬರಿ ‘ಲಾ ಪ್ರಿನ್ಸೆಸ್ ದ ಕ್ಲೇವ್’ ಅನ್ನು ಇಂಗ್ಲಿಷಿಗೆ ತಂದು 1950ರಲ್ಲಿ ಪ್ರಕಟಿಸಿದರು. ಫ್ರೆಂಚ್ ಆಸ್ಥಾನದ ಪಿಸುಮಾತನ್ನು ವಾಕ್ಯವಾಕ್ಯವಾಗಿ ಇಂಗ್ಲಿಷಿಗೆ ತಿರುಗಿಸಿದ ಅದೇ ಕೈ ನಾಲ್ಕು ವರ್ಷಗಳ ಬಳಿಕ ಹದಿನೈದನೆಯ ಲೂಯಿಯ ಪ್ರೇಯಸಿ ಮದಾಮ್ ದ ಪೊಂಪದೂರ್ ಅವರ ಬದುಕನ್ನು ಬರೆಯಿತು, ಆಮೇಲೆ ವೋಲ್ತೇರ್, ಹದಿನಾಲ್ಕನೆಯ ಲೂಯಿ, ಪ್ರಷ್ಯಾದ ದೊರೆ ಮಹಾನ್ ಫ್ರೆಡರಿಕ್‌ನತ್ತ ತಿರುಗಿತು. 1967ರಲ್ಲಿ ಅವರು ಮನೆ ಬದಲಿಸಿದ್ದೂ ಪೊಂಪದೂರ್ ಬಾಳಿದ ಅರಮನೆಯ ಊರಾದ ವರ್ಸೇಲ್ಸ್‌ಗೇ. 1973ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ.