ನಿಯಂತ್ರಣ ಯಾರದು, ನಿಯಮನ ಯಾರದು?

ಆಲೂರು ತಾಲ್ಲೂಕಿನ ಒಂದು ಗ್ರಾಮಸಭೆಯಲ್ಲಿ ಹಂಚಿದ ಕರಪತ್ರವೊಂದು ಕಳೆದ ತಿಂಗಳು ನನ್ನ ಕೈಗೆ ಬಂತು. ‘ಕೊಳವೆಮಾರ್ಗದಲ್ಲಿ ಸೋರಿಕೆ ಉಂಟಾದಲ್ಲಿ ನಿಯಂತ್ರಕರು ಕೂಡಲೇ ಆಗಮಿಸಿ ಪರಿಸ್ಥಿತಿಯನ್ನು ನಿಯಂತ್ರಿಸುವರು’ ಎಂದು ಅದರಲ್ಲಿತ್ತು. ಇದೇ ಧಾಟಿಯ ವಾಕ್ಯಗಳನ್ನು ವರದಿಗಳಲ್ಲಿ ಓದಿ ಓದಿ ಸಾಕಾಗಿದೆ. ಮಂಗಳೂರಿನಿಂದ ನೆರಿಯಾ ದಾಟಿ, ಘಟ್ಟವೇರಿ, ಹಾಸನದ ಮೂಲಕ ಬೆಂಗಳೂರಿನ ಬಳಿಯ ದೇವನಗೊಂದಿಗೆ ಇಂಧನ ಸಾಗಿಸುವ ಮಾರ್ಗದ ಪಕ್ಕದಲ್ಲಿ ಗದ್ದೆ, ತೋಟ ಇರುವವರನ್ನು ಈ ವಾಕ್ಯವು ಎಂದಿಗೂ ಬಾರದವರಿಗಾಗಿ ಕಾಯುತ್ತ ಕೂರುವಂತೆ ಮಾಡುತ್ತದೆ.

ಕೊಳವೆಮಾರ್ಗವನ್ನು ನಡೆಸುವವರನ್ನೂ ಅದಕ್ಕೆ ನಿಯಮ ವಿಧಿಸುವವರನ್ನೂ ಒಂದೇ ಪದದಿಂದ ಕರೆಯುವ ಈ ಗೊಂದಲದ ಬೇರು ಬಹಳ ಹಿಂದಿನದು. ಸಂಸ್ಕೃತದ ‘ಯಮ್’ ಧಾತುವಿಗೆ ಹಿಡಿದು ನಿಲ್ಲಿಸು, ಅಂಕೆಯಲ್ಲಿಡು ಎಂಬ ಅರ್ಥಗಳಿವೆ. ನಿಯಮ, ಸಂಯಮ, ಯಂತ್ರ ಎಲ್ಲವೂ ಅದೇ ಬಳ್ಳಿಯ ಕಾಯಿಗಳು. ಯಂತ್ರವೆಂದರೆ ಮೂಲದಲ್ಲಿ ಬಿಗಿಹಿಡಿಯುವ ಸಾಧನವೇ. ಅಮರಕೋಶವು ಸಾರಥಿಯ ಹೆಸರುಗಳನ್ನು ಹೇಳುವಾಗ ‘ನಿಯಂತಾ ಪ್ರಾಜಿತಾ ಯಂತಾ ಸೂತಃ ಕ್ಷತ್ತಾ ಚ ಸಾರಥಿಃ’ ಎನ್ನುತ್ತದೆ. ಲಗಾಮು ಕೈಯಲ್ಲಿರುವವನು ನಿಯಂತಾ. ಅದೇ ಕೋಶದ ವಾರಿವರ್ಗದಲ್ಲಿ ‘ನಿಯಾಮಕಾಃ ಪೋತವಾಹಾಃ’ ಎಂದಿದೆ. ಅಂದರೆ ಹಡಗು ನಡೆಸುವವರು. ಹೀಗೆ ಹಳೆಯ ಬಳಕೆಯಲ್ಲಿ ಇಬ್ಬರೂ ವಾಹನ ನಡೆಸುವವರೇ ಆಗಿದ್ದುದರಿಂದ ಸಂಸ್ಕೃತದ ಕಡೆಯಿಂದ ನಮಗೆ ಸಹಾಯ ಸಿಗುವುದಿಲ್ಲ. ಆದರೆ ಕನ್ನಡಕ್ಕೆ ತನ್ನದೇ ಆದ ಸ್ಪಷ್ಟ ಜೋಡಿ ಇದೆ: ಹಿಡಿತ ಮತ್ತು ಕಟ್ಟಳೆ. ಹಿಡಿತ ಇರುವವನು ಬೇರೆ, ಕಟ್ಟಳೆ ವಿಧಿಸುವವನು ಬೇರೆ ಎಂಬುದು ಯಾವ ಹಳ್ಳಿಯಲ್ಲಿಯೂ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆಡಳಿತದ ಅನುವಾದಕರು ಈ ಎರಡೂ ಅರ್ಥಗಳನ್ನು ‘ನಿಯಂತ್ರಣ’ ಎಂಬ ಒಂದೇ ಪದದ ಮೇಲೆ ಹೇರಿದರು. ಆದ್ದರಿಂದ ವಾಲ್ವ್ ತೆರೆದು ಮುಚ್ಚುವ ಜಾಗವೂ ನಿಯಂತ್ರಣ ಕೊಠಡಿಯಾಯಿತು, ದೆಹಲಿಯಲ್ಲಿ ನಿಯಮ ರಚಿಸುವ ಸಂಸ್ಥೆಯೂ ನಿಯಂತ್ರಣ ಮಂಡಳಿಯಾಯಿತು. ಹಿಂದಿಯವರು ಎರಡನೆಯದಕ್ಕೆ ‘ವಿನಿಯಾಮಕ’ ಎಂಬ ಬೇರೆಯೇ ಪದವನ್ನು ಇಟ್ಟುಕೊಂಡಿದ್ದಾರೆ. ನಾವೂ ‘ನಿಯಾಮಕ’ ಎನ್ನಬಹುದಾಗಿತ್ತು, ಈಗಲೂ ಎನ್ನಬಹುದು.

ವಿದ್ಯುತ್ತಿನ ವಿಷಯದಲ್ಲಿ ನಾವು ಇಷ್ಟು ಎಡವುವುದಿಲ್ಲ ಎಂಬುದು ಗಮನಾರ್ಹ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಮರ ಬಿದ್ದು ತಂತಿ ಹರಿದರೆ ಜನ ವಿದ್ಯುತ್ ಸರಬರಾಜು ಮಾಡುವ ಕಂಪನಿಯಾದ ಸೆಸ್ಕ್‌ಗೆ ಫೋನ್ ಮಾಡುತ್ತಾರೆಯೇ ಹೊರತು ದರ, ನಿಯಮ ನಿಗದಿಪಡಿಸುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಮಾಡುವುದಿಲ್ಲ. ಕೊಳವೆಮಾರ್ಗಕ್ಕೂ ಇದೇ ವಿವೇಕ ಬೇಕು. ಸೋರಿಕೆಯನ್ನು ಪತ್ತೆಹಚ್ಚುವುದು, ಪಂಪು ನಿಲ್ಲಿಸುವುದು, ವಾಲ್ವ್ ಮುಚ್ಚುವುದು ಮಾರ್ಗವನ್ನು ನಡೆಸುವ ಕಂಪನಿಯ ಕೆಲಸ. ತಾಂತ್ರಿಕ ಮಾನದಂಡಗಳನ್ನು, ತುರ್ತು ಸ್ಪಂದನೆಯ ಯೋಜನೆ ಹೇಗಿರಬೇಕೆಂಬುದನ್ನು ವಿಧಿಸುವುದು 2006ರ ಕಾಯ್ದೆಯಡಿ ರಚಿತವಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. ತುರ್ತು ಸ್ಪಂದನೆ ಕುರಿತ ಅದರ ನಿಯಮಾವಳಿ 2010ರದು. ಪೆಟ್ರೋಲಿಯಂ ಸಚಿವಾಲಯದಡಿ 1986ರಲ್ಲಿ ಆರಂಭವಾದ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ ಮಾನದಂಡಗಳನ್ನು ಬರೆಯುತ್ತದೆ, ಸುರಕ್ಷತಾ ತಪಾಸಣೆ ನಡೆಸುತ್ತದೆ. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ (ಪೆಸೊ), ಪೆಟ್ರೋಲಿಯಂ ನಿಯಮಗಳ ಅನುಮತಿಗಳನ್ನು ನೋಡಿಕೊಳ್ಳುತ್ತದೆ. ಅವಘಡ ಮಾರ್ಗದ ಆವರಣ ಮೀರಿ ಊರಿಗೆ ತಗುಲಿದರೆ ಜನರನ್ನು ಸ್ಥಳಾಂತರಿಸುವ ಹೊಣೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು.

ಹಾಗಾದರೆ ನಿಯಾಮಕರ ಸ್ಪಂದನೆ ಎಂದರೇನು? ಅದು ಬಹುಮಟ್ಟಿಗೆ ಘಟನೆಯ ಮುಂಚೆ ಮತ್ತು ನಂತರ ನಡೆಯುವ ಕೆಲಸ. 2010ರ ಸೆಪ್ಟೆಂಬರ್ 9ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೊದಲ್ಲಿ ಅನಿಲದ ಕೊಳವೆ ಸಿಡಿದು 8 ಜನ ಸತ್ತರು, 38 ಮನೆಗಳು ನಾಶವಾದವು. ಅನಿಲದ ಹರಿವನ್ನು ನಿಲ್ಲಿಸಲು ಕಂಪನಿಗೆ 95 ನಿಮಿಷ ಹಿಡಿಯಿತು. ಆ 95 ನಿಮಿಷಗಳಲ್ಲಿ ಯಾವ ನಿಯಾಮಕ ಸಂಸ್ಥೆಯ ಕೈಯಲ್ಲಿಯೂ ವಾಲ್ವ್ ಇರಲಿಲ್ಲ. ಕಾರಣ ಹುಡುಕಿ ಶಿಫಾರಸು ಮಾಡಿದ್ದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅದಕ್ಕೆ ದಂಡ ಹಾಕುವ ಅಧಿಕಾರವೂ ಇಲ್ಲ, ನಿಯಮ ಮಾಡುವ ಅಧಿಕಾರವೂ ಇಲ್ಲ. 2015ರಲ್ಲಿ 160 ಕೋಟಿ ಡಾಲರ್ ದಂಡನೆ ವಿಧಿಸಿದ್ದು ಆ ರಾಜ್ಯದ ನಿಯಾಮಕ ಆಯೋಗ. ಒಡೆತ ಖಚಿತವಾದ 30 ನಿಮಿಷಗಳೊಳಗೆ ವಾಲ್ವ್ ಮುಚ್ಚಿರಬೇಕು ಎಂಬ ನಿಯಮವನ್ನು ದೊಡ್ಡ ಗಾತ್ರದ ಹೊಸ ಮಾರ್ಗಗಳಿಗೆ ಅಮೆರಿಕದ ಕೇಂದ್ರ ನಿಯಾಮಕ ಸಂಸ್ಥೆ ತಂದದ್ದು 2022ರಲ್ಲಿ. ಹನ್ನೆರಡು ವರ್ಷಗಳಷ್ಟು ನಿಧಾನವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಬಯ್ಯುವಾಗಲಾದರೂ ಸರಿಯಾದವರನ್ನು ಸರಿಯಾದ ತಪ್ಪಿಗೆ ಬಯ್ಯಬೇಕು. ತಡವಾಗಿ ಮುಚ್ಚಿದ್ದು ಕಂಪನಿಯ ತಪ್ಪು, ತಡವಾಗಿ ಮುಚ್ಚಲು ಅವಕಾಶವಿದ್ದದ್ದು ನಿಯಾಮಕರ ತಪ್ಪು.

ನಮ್ಮಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ನಗರಂ ಗ್ರಾಮದಲ್ಲಿ ಅನಿಲ ಕೊಳವೆಯ ಬೆಂಕಿಗೆ 20ಕ್ಕೂ ಹೆಚ್ಚು ಜನ ಬಲಿಯಾದಾಗಲೂ ಇದೇ ಎರಡು ಪ್ರಶ್ನೆಗಳು ಎದ್ದವು: ತುಕ್ಕು ಹಿಡಿದ ಕೊಳವೆಯಲ್ಲಿ ಅನಿಲ ಹರಿಸಿದವರು ಯಾರು, ಅದನ್ನು ತಪಾಸಣೆಯಲ್ಲಿ ಹಿಡಿಯದೆ ಹೋದವರು ಯಾರು. ಎರಡಕ್ಕೂ ‘ನಿಯಂತ್ರಣ ವೈಫಲ್ಯ’ ಎಂಬ ಒಂದೇ ಶೀರ್ಷಿಕೆ ಕೊಟ್ಟರೆ ಇಬ್ಬರಲ್ಲಿ ಒಬ್ಬರು ಖಂಡಿತ ತಪ್ಪಿಸಿಕೊಳ್ಳುತ್ತಾರೆ.

ಆ ಕರಪತ್ರದ ಸಾಲು ಹೀಗಿರಬೇಕಿತ್ತು: ‘ವಾಸನೆ, ತೇವ ಅಥವಾ ಸದ್ದು ಗಮನಕ್ಕೆ ಬಂದರೆ ಬೆಂಕಿ ಹಚ್ಚದೆ, ವಾಹನ ಚಾಲೂ ಮಾಡದೆ ದೂರ ಸರಿಯಿರಿ, ಸುರಕ್ಷಿತ ಜಾಗದಿಂದ ಮಾರ್ಗಸೂಚಿ ಕಂಬದ ಮೇಲಿರುವ ಕಂಪನಿಯ ನಿಯಂತ್ರಣ ಕೊಠಡಿಯ ಸಂಖ್ಯೆಗೆ, ಬಳಿಕ 112ಕ್ಕೆ ಕರೆ ಮಾಡಿರಿ.’